ದಾಂಪತ್ಯವೂ ಆರೋಗ್ಯವೂ

ಮದುವೆಯ ಹಂದರದಲ್ಲಿ ಹಿರಿಯರು ಅಕ್ಕಿಕಾಳು ಹಾಕುವಾಗ ಎರಡು ಬಗೆಯ ಹರಕೆಗಳನ್ನು ನಾವು ಕೇಳುತ್ತೇವೆ. ವರನನ್ನು ದೀರ್ಘಾಯುಷ್ಯವಂತನಾಗೆಂದು ಹರಸುತ್ತಾರೆ. ವಧುವನ್ನು ದೀರ್ಘ ಸುಮಂಗಲಿಯಾಗೆಂದು ಹರಸುತ್ತಾರೆ. ಹಾವೇರಿಯ ಸೀಮೆಯ ಮದುವೆಯಾದರೆ ಆ ಊರಿನ ಹೆಸರುವಾಸಿಯಾದ ಯಾಲಕ್ಕಿಯ ಮಾಲೆಯು ವಧೂವರರ ಕೊರಳಿನಲ್ಲಿದ್ದೀತು. ಊಟದ ಸಾರಿಗೆ ಬ್ಯಾಡಗಿಯ ಮೆಣಸಿನಕಾಯಿಯ ಕೆಂಪು ಬಂದೀತು. ಬೀಗರು ರಾಣೇಬೆನ್ನೂರಿನಿಂದಲೇ ರೈಲು ಹತ್ತಿ ಬಂದಿದ್ದಾರು. ಸಂಭ್ರಮದ ನಡುವೆ ಆ ಎರಡು ಹರಕೆಗಳನ್ನು ತೂಗಿ ನೋಡುವವರು ವಿರಳ. ಗಂಡಿಗೆ ಬಯಸಿದ್ದು ಅವನ ಆಯುಸ್ಸು; ಹೆಣ್ಣಿಗೆ ಬಯಸಿದ್ದೂ ಅವನ ಆಯುಸ್ಸೇ! ಆಕೆಯ ಸ್ವಂತ ಆಯುಸ್ಸಿನ ಮಾತು ಅಲ್ಲಿ ಬರುವುದಿಲ್ಲ. ಮುತ್ತೈದೆಯಾಗಿ ಕಣ್ಣು ಮುಚ್ಚುವುದೇ ಪುಣ್ಯವೆಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದರ ಒಳಗುಟ್ಟೂ ಇದೇ.

ಈ ಹರಕೆಗಳಲ್ಲಿ ಆರೋಗ್ಯಶಾಸ್ತ್ರದ ಒಂದು ದೊಡ್ಡ ಪ್ರಶ್ನೆಯು ಅಡಗಿದೆ. ಬಾಳಿನಲ್ಲಿ ಜೊತೆಗಾರನೋ ಜೊತೆಗಾರ್ತಿಯೋ ಇರುವುದರಿಂದ ಮನುಷ್ಯನ ದೇಹಕ್ಕೆ ನಿಜವಾಗಿ ಉಪಕಾರವಾಗುವುದೇ? ಆಗುವುದಾದರೆ ಅದು ಯಾವ ದಾರಿಯಿಂದ? ಇಬ್ಬರಿಗೂ ಸಮವಾಗಿ ಆಗುವುದೇ? ಒಬ್ಬರು ಹೋದ ಮೇಲೆ ಉಳಿದವರ ಗತಿಯೇನು? ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಎಂಬ ಮೂರು ಊರುಗಳನ್ನು ಕಣ್ಣಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ನಾವು ಸ್ವಲ್ಪ ವಿಚಾರಿಸೋಣ. ಈ ಮೂರೂ ಒಂದೇ ರೈಲುದಾರಿಯ ಮೇಲಿನ ಊರುಗಳು. ಹಿಂದೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದು, 1997ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಹಾವೇರಿಯು ಬೇರೆ ಜಿಲ್ಲೆಯಾದಾಗ ಅದರೊಳಕ್ಕೆ ಬಂದುವು. 2011ರ ಜನಗಣತಿಯಲ್ಲಿ ಆ ಜಿಲ್ಲೆಯ ಜನಸಂಖ್ಯೆಯು 15,97,668 ಆಗಿತ್ತು. ಅಲ್ಲಿನ ಮನೆಗಳಲ್ಲಿ ನಡೆಯುವುದು ಲೋಕದ ಮನೆಗಳಲ್ಲೆಲ್ಲ ನಡೆಯುವುದಕ್ಕಿಂತ ಬೇರೆಯೇನೂ ಅಲ್ಲ.

ಸುಖಕ್ಕೆ ಬೇಕಾದುದೇನೆಂದು ನಮ್ಮ ಹಿಂದಿನವರೂ ಲೆಕ್ಕ ಹಾಕಿದ್ದರು. ಈ ಜಿಲ್ಲೆಯ ಅಬಲೂರು, ಮಾಸೂರುಗಳ ಹೆಸರಿನೊಡನೆ ಜನರು ಸೇರಿಸಿ ಹೇಳುವ ಸರ್ವಜ್ಞನು, ಮನೆಯನ್ನೂ ಹಣವನ್ನೂ ಎಣಿಸಿದ ಮೇಲೆ ಮನಸ್ಸನ್ನು ಅರಿತು ನಡೆಯುವ ಮಡದಿಯನ್ನು ಎಣಿಸಲು ಮರೆಯಲಿಲ್ಲ. ಅದು ಅನುಭವದ ಮಾತು. ಆ ಮಾತನ್ನು ಅಂಕಿಗಳಿಂದ ಅಳೆಯಲು ಹೊರಟವರಲ್ಲಿ ಇಂಗ್ಲೆಂಡಿನ ವಿಲಿಯಂ ಫಾರ್ ಎಂಬ ವೈದ್ಯರು ಮೊದಲಿನವರು. ಜನನ ಮರಣಗಳ ಲೆಕ್ಕದಲ್ಲಿ ನಿಪುಣರಾಗಿದ್ದ ಅವರು 1858ರಲ್ಲಿ ಫ್ರಾನ್ಸ್ ದೇಶದ ಮರಣದ ಲೆಕ್ಕವನ್ನು ತೆಗೆದುಕೊಂಡು, ಜನರನ್ನು ವಿವಾಹಿತರು, ಅವಿವಾಹಿತರು, ಸಂಗಾತಿಯನ್ನು ಕಳೆದುಕೊಂಡವರು ಎಂದು ಮೂರು ಪಂಗಡಗಳಾಗಿ ಮಾಡಿ ಹೋಲಿಸಿದರು. ಒಂದೇ ವಯಸ್ಸಿನವರಲ್ಲಿ ವಿವಾಹಿತರ ಮರಣವು ಕಡಿಮೆಯೆಂದೂ, ಸಂಗಾತಿಯನ್ನು ಕಳೆದುಕೊಂಡವರ ಸ್ಥಿತಿಯು ಬಹಳ ಕಷ್ಟದ್ದೆಂದೂ ಕಂಡಿತು. ಒಂದು ಅಪವಾದ ಮಾತ್ರ ಎದ್ದು ತೋರಿತು: ಇಪ್ಪತ್ತು ವರ್ಷ ತುಂಬುವುದಕ್ಕೆ ಮೊದಲೇ ಮದುವೆಯಾದವರಿಗೆ ಈ ಲಾಭವು ದೊರೆಯಲಿಲ್ಲ. ಈ ಅಪವಾದವನ್ನು ನಾವು ಮನಸ್ಸಿನಲ್ಲಿಟ್ಟುಕೊಂಡಿರೋಣ. ಮುಂದೆ ಅದರ ಮಾತು ಬರುವುದು.

ಫಾರ್ ಅವರ ಅನಂತರ ಅನೇಕ ದೇಶಗಳಲ್ಲಿ ಇಂಥ ಲೆಕ್ಕಗಳು ನಡೆದುವು. ಬಹುಮಟ್ಟಿಗೆ ಅದೇ ಫಲವು ಬಂದಿತು. 2013ರಲ್ಲಿ ಅಮೆರಿಕದ ವೈದ್ಯರು ಏಳು ಲಕ್ಷ ಮೂವತ್ತನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಅರ್ಬುದ ರೋಗಿಗಳ ದಾಖಲೆಗಳನ್ನು ಪರೀಕ್ಷಿಸಿದರು. ವಿವಾಹಿತರಲ್ಲಿ ರೋಗವು ದೇಹದ ತುಂಬ ಹರಡುವುದಕ್ಕೆ ಮೊದಲೇ ಪತ್ತೆಯಾಗಿರುವುದು ಹೆಚ್ಚು. ಚಿಕಿತ್ಸೆಯನ್ನು ಪೂರ್ತಿಯಾಗಿ ಪಡೆದವರೂ ಅವರಲ್ಲಿಯೇ ಹೆಚ್ಚು. ಆ ರೋಗದಿಂದ ಸತ್ತವರು ಕಡಿಮೆ. ಔಷಧವೊಂದು ಇಷ್ಟು ಗುಣವನ್ನು ತೋರಿಸಿದ್ದರೆ ಅದರ ಹೆಸರು ಮನೆಮಾತಾಗುತ್ತಿತ್ತು.

ಆದರೆ ಇಲ್ಲಿ ಎಚ್ಚರಿಕೆಯಿಂದ ಹೆಜ್ಜೆಯಿಡಬೇಕು. ಮದುವೆಯು ಆರೋಗ್ಯವನ್ನು ಕೊಡುತ್ತದೆಯೋ, ಆರೋಗ್ಯವಂತರಿಗೆ ಮದುವೆಯು ಕೂಡಿಬರುತ್ತದೆಯೋ? ನಮ್ಮಲ್ಲಿ ಹೆಣ್ಣು ನೋಡಲು ಹೋದವರೂ ಗಂಡು ಗೊತ್ತುಮಾಡುವವರೂ ಮೊದಲು ವಿಚಾರಿಸುವುದು ದೇಹದಾರ್ಢ್ಯ, ಗಳಿಕೆ, ನಡತೆಗಳನ್ನೇ. ದೀರ್ಘ ರೋಗಿಯಾದವನಿಗೆ, ಕುಡಿತಕ್ಕೆ ಬಿದ್ದವನಿಗೆ, ಹೊಲಮನೆಯಿಲ್ಲದವನಿಗೆ ಹೆಣ್ಣು ಸಿಕ್ಕುವುದು ಕಷ್ಟ. ಹೀಗೆ ಆರಿಸಿ ತೆಗೆದ ಕಾಳನ್ನು ಒಂದು ಚೀಲಕ್ಕೂ ಉಳಿದುದನ್ನು ಮತ್ತೊಂದು ಚೀಲಕ್ಕೂ ತುಂಬಿ, ಮೊದಲನೆಯ ಚೀಲದ ಗುಣದಿಂದ ಕಾಳು ಚೆನ್ನಾಯಿತೆಂದು ಹೇಳಿದರೆ ರಾಣೇಬೆನ್ನೂರಿನ ಬೀಜದ ವ್ಯಾಪಾರಿಯು ನಕ್ಕುಬಿಟ್ಟಾನು. ಆದುದರಿಂದ ವಿವಾಹಿತರ ಆರೋಗ್ಯದಲ್ಲಿ ಒಂದಂಶವು ಆಯ್ಕೆಯ ಫಲವೇ ಸರಿ.

ಹಾಗಾದರೆ ಉಳಿದ ಅಂಶವನ್ನು ತಿಳಿಯುವುದು ಹೇಗೆ? ಒಂದು ಉಪಾಯವುಂಟು. ಆಗಲೇ ಮದುವೆಯಾಗಿ ಬಹುಕಾಲ ಬಾಳಿದವರಲ್ಲಿ ಒಬ್ಬರು ತೀರಿಕೊಂಡಾಗ ಇನ್ನೊಬ್ಬರಿಗೆ ಏನಾಗುತ್ತದೆಂದು ನೋಡುವುದು. 1963ರಲ್ಲಿ ಇಂಗ್ಲೆಂಡಿನ ಮೈಕೇಲ್ ಯಂಗ್ ಮತ್ತು ಅವರ ಸಂಗಡಿಗರು, ಹೆಂಡತಿಯನ್ನು ಕಳೆದುಕೊಂಡಿದ್ದ 55 ವರ್ಷ ಮೀರಿದ 4,486 ಮಂದಿ ಗಂಡಸರ ಲೆಕ್ಕವನ್ನು ಪ್ರಕಟಿಸಿದರು. ಹೆಂಡತಿ ಸತ್ತ ಮೊದಲ ಆರು ತಿಂಗಳಲ್ಲಿ ಇವರ ಮರಣವು, ಅದೇ ವಯಸ್ಸಿನ ವಿವಾಹಿತರ ಮರಣಕ್ಕಿಂತ ನೂರಕ್ಕೆ ಸುಮಾರು 40ರಷ್ಟು ಹೆಚ್ಚಾಗಿತ್ತು. ಕಾಲ ಕಳೆದಂತೆ ಈ ಹೆಚ್ಚಳವು ಇಳಿಯಿತು. 1969ರಲ್ಲಿ ಅದೇ ಗಂಡಸರ ಮುಂದಿನ ಲೆಕ್ಕವನ್ನು ತೆಗೆದಾಗ, ಹೆಚ್ಚಾದ ಮರಣಗಳಲ್ಲಿ ಬಹುಪಾಲು ಹೃದಯಕ್ಕೆ ಸಂಬಂಧಿಸಿದ ರೋಗಗಳಿಂದ ಆದುವೆಂದು ತಿಳಿಯಿತು. ‘ಎದೆಯೊಡೆದು ಸತ್ತ’ ಎಂದು ನಮ್ಮ ಹಳ್ಳಿಯವರು ಆಡುವ ಮಾತು ಬರಿಯ ಅಲಂಕಾರವಲ್ಲ. ಅತಿ ದುಃಖದ ಆಘಾತದಿಂದ ಹೃದಯದ ಎಡಗೋಣೆಯು ತಾತ್ಕಾಲಿಕವಾಗಿ ಉಬ್ಬಿ ದುರ್ಬಲವಾಗುವ ಒಂದು ವ್ಯಾಧಿಯನ್ನು ಜಪಾನಿನ ವೈದ್ಯರು 1990ರಲ್ಲಿ ವರ್ಣಿಸಿ, ಆ ಹೃದಯದ ಆಕಾರವು ತಮ್ಮ ಬೆಸ್ತರು ಅಷ್ಟಪದಿಯನ್ನು ಹಿಡಿಯುವ ಗಡಿಗೆಯನ್ನು ಹೋಲುತ್ತಿದ್ದುದರಿಂದ ಅದಕ್ಕೆ ‘ತಾಕೊತ್ಸುಬೊ’ ಎಂದು ಹೆಸರಿಟ್ಟರು.

ಈಗ ಕಾರಣಗಳ ಕಡೆಗೆ ತಿರುಗೋಣ. ಜೊತೆಗಾರರು ಆರೋಗ್ಯವನ್ನು ಕಾಯುವ ಬಗೆಗಳು ಹಲವು. ಅವುಗಳಲ್ಲಿ ಮೊದಲನೆಯದು ಬಹಳ ಸಾಮಾನ್ಯವಾದುದರಿಂದಲೇ ನಮ್ಮ ಗಮನಕ್ಕೆ ಬರುವುದಿಲ್ಲ. ಹಾವೇರಿಯ ಒಂದು ಮನೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳೋಣ. ಅರುವತ್ತು ದಾಟಿದ ಗಂಡಹೆಂಡಿರು. ರಾತ್ರಿ ಊಟವಾದ ಮೇಲೆ ಹೆಂಡತಿಯು ‘ಗುಳಿಗಿ ತಗೊಂಡ್ರೇನ್ರೀ?’ ಎಂದು ಕೇಳುತ್ತಾಳೆ. ನಡುರಾತ್ರಿಯಲ್ಲಿ ಆಕೆಯು ಕೆಮ್ಮಿದರೆ ಗಂಡನು, ‘ಮೂರು ದಿನಾ ಆತು, ನಾಳೆ ದವಾಖಾನಿಗೆ ಹೋಗೂಣು ಏಳ’ ಎಂದು ಹೇಳುತ್ತಾನೆ. ಇಷ್ಟೇ ಮಾತು. ಇದರಲ್ಲಿ ಪ್ರೇಮದ ಪ್ರದರ್ಶನವೇನೂ ಇಲ್ಲ. ಬೈಗುಳದ ಧಾಟಿಯಲ್ಲಿಯೇ ಇದನ್ನು ಹೇಳಿದರೂ ಹೇಳಬಹುದು. ಆದರೆ ಒಬ್ಬರ ಕೆಮ್ಮನ್ನು ಇನ್ನೊಬ್ಬರು ಎಣಿಸಿದ್ದಾರೆಂಬುದು ಮುಖ್ಯ. ರೋಗವು ತನ್ನ ದೇಹದಲ್ಲಿದ್ದರೂ ಅದನ್ನು ಮೊದಲು ಕಾಣುವ ಕಣ್ಣು ಅನೇಕ ವೇಳೆ ಬೇರೆಯವರದು. ತೂಕ ಇಳಿದದ್ದು, ಬಣ್ಣ ಮಾಸಿದ್ದು, ನಿದ್ರೆಯಲ್ಲಿ ಉಸಿರು ಕಟ್ಟಿದ್ದು, ಮಾತು ತೊದಲಿದ್ದು ಇವೆಲ್ಲವೂ ತನಗೆ ತಾನೇ ತಿಳಿಯುವುದು ಕಷ್ಟ. ಅರ್ಬುದ ರೋಗಿಗಳ ವಿಷಯದಲ್ಲಿ ವಿವಾಹಿತರ ರೋಗವು ಬೇಗನೆ ಪತ್ತೆಯಾದುದಕ್ಕೆ ಈ ಎರಡನೆಯ ಜೊತೆ ಕಣ್ಣುಗಳೂ ಒಂದು ಕಾರಣವೆಂದು ವೈದ್ಯರು ಭಾವಿಸುತ್ತಾರೆ.

ಎರಡನೆಯದು ದಿನಚರಿ. ಇನ್ನೊಬ್ಬರಿಗಾಗಿ ಅಡಿಗೆ ಮಾಡುವವರು ತಾವೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ. ಒಂಟಿಯಾದವರು ಬೆಳಗಿನ ರೊಟ್ಟಿಯನ್ನೇ ರಾತ್ರಿಗೂ ಸಾಗಿಸುತ್ತಾರೆ. ಒಬ್ಬರಿಗಾಗಿ ಪಲ್ಯವೇಕೆ, ಬೇಳೆಯೇಕೆ ಎನ್ನುತ್ತಾರೆ. ಮೂರನೆಯದು ಕಡಿವಾಣ. ತಂಬಾಕು, ಸಾರಾಯಿ, ಅಪರಾತ್ರಿಯ ತಿರುಗಾಟ ಇವುಗಳಿಗೆ ಮನೆಯಲ್ಲಿ ಕೇಳುವವರೊಬ್ಬರಿದ್ದರೆ ಸ್ವಲ್ಪವಾದರೂ ತಡೆಯುಂಟು. ಹನ್ನೆರಡನೆಯ ಶತಮಾನದ ಶರಣರ ಕಥೆಗಳಲ್ಲಿ, ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಆತನ ಹೆಂಡತಿ ಲಕ್ಕಮ್ಮನು ಹಿಂದಿರುಗಿಸಿ ಕಳುಹಿದಳೆಂದು ಕೇಳಿದ್ದೇವೆ. ಆಕೆ ತಿದ್ದಿದ್ದು ಆತನ ಮನಸ್ಸನ್ನು. ಸಾಮಾನ್ಯ ಸಂಸಾರಗಳಲ್ಲಿ ಹೀಗೆ ತಿದ್ದುವುದರಿಂದ ದೇಹವೂ ಉಳಿಯುತ್ತದೆ. ನಾಲ್ಕನೆಯದು ದುಡಿಮೆ. ರಾಣೇಬೆನ್ನೂರಿನ ಸುತ್ತಿನ ಹೊಲಗಳಲ್ಲಿ ಹತ್ತಿ ಮತ್ತು ತರಕಾರಿಗಳ ಸಂಕರ ಬೀಜವನ್ನು ಬೆಳೆಯುವಾಗ, ಒಂದು ಹೂವಿನ ಕೇಸರವನ್ನು ಕಿತ್ತು ಮತ್ತೊಂದರ ಪರಾಗವನ್ನು ಕೈಯಿಂದಲೇ ಮುಟ್ಟಿಸಬೇಕು. ದಿನ ತಪ್ಪದೆ, ಹೊತ್ತು ತಪ್ಪದೆ ಮಾಡಬೇಕಾದ ಆ ಕೆಲಸವು ಮನೆಮಂದಿಯ ಕೈಗಳನ್ನೇ ನಂಬಿದೆ. ಎರಡು ಜೊತೆ ಕೈಗಳಲ್ಲಿ ಒಂದು ಹೋದರೆ ಆದಾಯವು ಕುಗ್ಗುವುದು. ಆದಾಯದ ಹಿಂದೆ ಹಾಲೂ ಹಣ್ಣೂ ಔಷಧವೂ ಹೋಗುವುವು.

ಐದನೆಯದು ಸೂಕ್ಷ್ಮವಾದುದು, ಅದು ನರಗಳಿಗೂ ರಕ್ತಕ್ಕೂ ಸಂಬಂಧಿಸಿದ್ದು. ಭಯವಾದಾಗ ಮಿದುಳಿನ ಕೆಲವು ಭಾಗಗಳು ಎಚ್ಚೆತ್ತು, ರಕ್ತಕ್ಕೆ ಕೆಲವು ರಸಗಳನ್ನು ಸುರಿಸಿ, ಗುಂಡಿಗೆಯ ಬಡಿತವನ್ನೂ ರಕ್ತದ ಒತ್ತಡವನ್ನೂ ಏರಿಸುತ್ತವೆ. ಅಪಾಯವು ಕ್ಷಣಿಕವಾದರೆ ಇದರಿಂದ ಒಳಿತೇ. ಭಯವು ದಿನದಿನವೂ ಇದ್ದರೆ ರಕ್ತನಾಳಗಳು ಸವೆಯುತ್ತವೆ. 2006ರಲ್ಲಿ ಅಮೆರಿಕದ ಜೇಮ್ಸ್ ಕೋನ್ ಎಂಬ ಮನಶ್ಶಾಸ್ತ್ರಜ್ಞರು 16 ಮಂದಿ ಗೃಹಿಣಿಯರನ್ನು ಮಿದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿ ಮಲಗಿಸಿ, ಸಣ್ಣದೊಂದು ವಿದ್ಯುತ್ ಪೆಟ್ಟು ಬೀಳಬಹುದೆಂದು ಸೂಚನೆ ಕೊಟ್ಟರು. ಒಂಟಿಯಾಗಿದ್ದಾಗ ಭಯದ ಭಾಗಗಳು ಹೆಚ್ಚಾಗಿ ಎಚ್ಚೆತ್ತುವು. ಗಂಡನು ಕೈ ಹಿಡಿದುಕೊಂಡಿದ್ದಾಗ ಕಡಿಮೆಯಾದುವು. ದಾಂಪತ್ಯವು ಹೆಚ್ಚು ಸೌಖ್ಯವಾಗಿದ್ದಷ್ಟೂ ಆ ಶಾಂತಿಯು ಹೆಚ್ಚಾಗಿತ್ತು. ಪಾಣಿಗ್ರಹಣವೆಂದು ನಾವು ಕರೆಯುವ ವಿಧಿಗೆ ಇಂಥ ಸಾಕ್ಷಿಯೊಂದು ದೊರೆತುದು ಸಂತೋಷದ ಸಂಗತಿ.

ಆದರೆ ಹಿಡಿಯುವ ಕೈಯೇ ಹೊಡೆಯುವ ಕೈಯೂ ಆದರೆ? ಇಲ್ಲಿ ನಮ್ಮ ವಿಷಯದ ಇನ್ನೊಂದು ಮುಖವು ಎದುರಾಗುತ್ತದೆ. 2005ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 42 ದಂಪತಿಗಳ ತೋಳಿನ ಮೇಲೆ ಸಣ್ಣ ಬೊಬ್ಬೆಗಳನ್ನೆಬ್ಬಿಸಿ ಅವು ಮಾಯುವ ವೇಗವನ್ನು ಅಳೆದರು. ಪರಸ್ಪರ ಕಹಿಯಾಗಿ ನಡೆದುಕೊಳ್ಳುತ್ತಿದ್ದ ದಂಪತಿಗಳಲ್ಲಿ ಗಾಯವು ಮಾಯುವ ವೇಗವು, ಸೌಹಾರ್ದದಿಂದಿದ್ದವರ ವೇಗದ ನೂರಕ್ಕೆ 60ರಷ್ಟು ಮಾತ್ರವಿತ್ತು. ಬಿರುಮಾತು ಗಾಳಿಯಲ್ಲಿ ಹೋಗುವುದಿಲ್ಲ. ಅದು ಚರ್ಮದವರೆಗೂ ಇಳಿಯುತ್ತದೆ. ಬರಿಯ ಮಾತಿನಿಂದಲೇ ಹೀಗಾದರೆ ಪೆಟ್ಟಿನಿಂದ ಏನಾಗಬೇಡ! 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಎಂದಾದರೂ ಹಿಂಸೆಯನ್ನು ಅನುಭವಿಸಿದ್ದಾಗಿ ಹೇಳಿದರು. ದೇಶದ ರಾಜ್ಯಗಳಲ್ಲೆಲ್ಲ ಆಗ ಇದೇ ಅತಿ ಹೆಚ್ಚಿನ ಅಂಕಿ. ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆಯಿದ್ದಿತು. ಎಲ್ಲರಿಗೂ ಬಡಿಸಿ, ಉಳಿದುದನ್ನು ಕೊನೆಗೆ ಉಣ್ಣುವ ಪದ್ಧತಿಯು ಇನ್ನೂ ಇರುವ ಮನೆಗಳಲ್ಲಿ, ದಾಂಪತ್ಯದಿಂದ ಗಂಡನಿಗೆ ಬಂದ ಪುಷ್ಟಿಯ ಬೆಲೆಯನ್ನು ಹೆಂಡತಿಯು ತನ್ನ ರಕ್ತದಿಂದ ತೆರುತ್ತಾಳೆಂದರೆ ಅತಿಶಯೋಕ್ತಿಯಾಗಲಾರದು. ಆದುದರಿಂದ ಮದುವೆಯು ಆರೋಗ್ಯಕರವೆಂಬ ವಾಕ್ಯವನ್ನು ‘ಸೌಹಾರ್ದವುಳ್ಳ ಮದುವೆಯು ಇಬ್ಬರಿಗೂ ಆರೋಗ್ಯಕರ’ ಎಂದು ತಿದ್ದಿಕೊಳ್ಳಬೇಕು.

ಎಳೆಯ ವಯಸ್ಸಿನ ಮದುವೆಯ ಅಪವಾದವನ್ನು ಮೇಲೆ ಹೇಳಿದೆವಷ್ಟೆ. ಅದರ ಚರಿತ್ರೆಯು ಈ ಸೀಮೆಯಲ್ಲಿ ಕುತೂಹಲಕರವಾಗಿದೆ. ರಾಣೇಬೆನ್ನೂರಿನ ದಕ್ಷಿಣಕ್ಕೆ ಹರಿಯುವ ತುಂಗಭದ್ರೆಯೇ ಹಿಂದೆ ಎರಡು ಆಡಳಿತಗಳ ಗಡಿಯಾಗಿದ್ದಿತು. ಆಚೆಯ ದಡದ ಹರಿಹರವು ಮೈಸೂರು ಸಂಸ್ಥಾನದ್ದು, ಈಚೆಯದು ಮುಂಬಯಿ ಪ್ರಾಂತದ್ದು. ಮೈಸೂರಿನಲ್ಲಿ 1894ರಲ್ಲಿಯೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ಕಾನೂನು ನಿಷೇಧಿಸಿತು. ಈಚೆಯ ದಡಕ್ಕೆ ಮದುವೆಯ ವಯಸ್ಸನ್ನು ಗೊತ್ತುಪಡಿಸಿದ ಕಾನೂನು ಬಂದದ್ದು 1929ರಲ್ಲಿ. ಅದನ್ನು ಶಾರದಾ ಕಾಯಿದೆಯೆಂದು ಜನರು ಕರೆದರು. ಒಂದೇ ಹೊಳೆಯ ನೀರನ್ನು ಕುಡಿಯುವ ಎರಡು ದಡದ ಹುಡುಗಿಯರಿಗೆ ಮೂವತ್ತೈದು ವರ್ಷಗಳ ಕಾಲ ಎರಡು ನ್ಯಾಯಗಳಿದ್ದುವು. ಆ ಕಾಯಿದೆಗಳಿಂದ ಈಗ ನಾವು ಬಹು ದೂರ ಬಂದಿದ್ದೇವೆ. ಹೆಣ್ಣಿಗೆ ಹದಿನೆಂಟು ತುಂಬದೆ ಮದುವೆ ಮಾಡುವುದು ಅಪರಾಧ. ಆದರೂ ಮೇಲೆ ಹೇಳಿದ ಸಮೀಕ್ಷೆಯ ಕಾಲದಲ್ಲಿ, ಕರ್ನಾಟಕದ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟಕ್ಕೆ ಮೊದಲೇ ಮದುವೆಯಾಗಿದ್ದಿತು. ಬೆಳವಣಿಗೆ ಮುಗಿಯದ ದೇಹಕ್ಕೆ ಬಸಿರು ಬಾಣಂತನಗಳ ಭಾರ ಬಿದ್ದರೆ ತಾಯಿಗೂ ಕೂಸಿಗೂ ಕೇಡು.

ಈಗ ನಾವು ಮೊದಲು ಕೇಳಿದ ಕೊನೆಯ ಪ್ರಶ್ನೆಗೆ ಬರೋಣ: ಒಬ್ಬರು ಹೋದ ಮೇಲೆ ಉಳಿದವರ ಗತಿಯೇನು? ಹೆಂಡತಿಯು ಸಾಮಾನ್ಯವಾಗಿ ಗಂಡನಿಗಿಂತ ಕಿರಿಯಳು. ಹೆಂಗಸರ ಆಯುರ್ಮಾನವೂ ಗಂಡಸರದಕ್ಕಿಂತ ಹೆಚ್ಚು. ಹೆಂಡತಿ ಸತ್ತವನು ಮತ್ತೆ ಮದುವೆಯಾಗುವುದು ಸುಲಭ. ಈ ಮೂರು ಕಾರಣಗಳಿಂದ ಉಳಿಯುವವರು ಹೆಚ್ಚಾಗಿ ಹೆಂಗಸರೇ. 2011ರ ಜನಗಣತಿಯಲ್ಲಿ ಭಾರತದಲ್ಲಿ ನಾಲ್ಕು ಕೋಟಿಗೂ ಹೆಚ್ಚು ವಿಧವೆಯರಿದ್ದರು. ವಿಧುರರ ಸಂಖ್ಯೆಯು ಅದರ ಮೂರನೆಯ ಒಂದು ಪಾಲಿಗೂ ಕಡಿಮೆ. ಇವರ ಆರೋಗ್ಯವನ್ನು ಕುರಿತು ಒಂದು ಮುಖ್ಯವಾದ ಲೆಕ್ಕವನ್ನು ಮಾಡಿದವರು, ಧಾರವಾಡದ ಜನಸಂಖ್ಯಾ ಸಂಶೋಧನ ಕೇಂದ್ರದಲ್ಲಿ ಕೆಲಸಮಾಡಿದ ಡಾಕ್ಟರ್ ಪಿ. ಎನ್. ಮರಿ ಭಟ್ಟರು. ಜನಗಣತಿಯ ಅಂಕಿಗಳನ್ನು ಆಧರಿಸಿ 1990ರ ದಶಕದಲ್ಲಿ ಅವರು ಕಂಡುಕೊಂಡಂತೆ, ಭಾರತದ ವಯಸ್ಸಾದ ವಿಧವೆಯರ ಮರಣಪ್ರಮಾಣವು ಅದೇ ವಯಸ್ಸಿನ ಮುತ್ತೈದೆಯರ ಪ್ರಮಾಣಕ್ಕಿಂತ ಸರಾಸರಿ ನೂರಕ್ಕೆ 86ರಷ್ಟು ಹೆಚ್ಚು. ಇಂಗ್ಲೆಂಡಿನ ಗಂಡಸರಲ್ಲಿ ನೂರಕ್ಕೆ 40ರಷ್ಟಿದ್ದು ಕಾಲಕ್ರಮದಲ್ಲಿ ಇಳಿದ ಹೆಚ್ಚಳದೊಡನೆ ಇದನ್ನು ಇಟ್ಟು ನೋಡಿದರೆ ಮನಸ್ಸು ನೋಯುತ್ತದೆ. ದುಃಖವು ಎಲ್ಲ ದೇಶಗಳಲ್ಲಿಯೂ ಒಂದೇ. ನಮ್ಮಲ್ಲಿ ದುಃಖದ ಮೇಲೆ ಇನ್ನೇನೋ ಬಂದು ಸೇರುತ್ತದೆ.

ಆ ಇನ್ನೇನೋ ಎಂಬುದು ಯಾವುದು? ಬ್ಯಾಡಗಿಯ ಮೆಣಸಿನಕಾಯಿಯ ಪೇಟೆಗೆ ಸುಗ್ಗಿಯಲ್ಲಿ ಹೋಗಿ ನೋಡಿದವರಿಗೆ ಅದು ಅರ್ಧ ತಿಳಿದೀತು. ಚಳಿ ಹಿಂದೆಗೆದು ಬೇಸಗೆ ಕಾಲಿಡುವಾಗ ಪೇಟೆಯಲ್ಲೆಲ್ಲ ಕೆಂಪು ರಾಶಿಗಳು. ಸುಕ್ಕು ಬಿದ್ದ, ಖಾರ ಕಡಿಮೆಯಾದ, ಬಣ್ಣ ಹೆಚ್ಚಾದ ಆ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯೆಂಬ ಮನ್ನಣೆಯೂ ದೊರೆಯಿತು. ರಾಶಿಯ ಸುತ್ತ ಕುಳಿತು ತೊಟ್ಟು ಬಿಡಿಸುವವರು ಹೆಂಗಸರು. ಸೆರಗಿನಿಂದ ಮೂಗುಬಾಯಿಗಳನ್ನು ಕಟ್ಟಿಕೊಂಡರೂ ಘಾಟು ಬಿಡುವುದಿಲ್ಲ. ಸೀನು, ಕೆಮ್ಮು, ಕಣ್ಣುರಿ. ಅಲ್ಲಿ ಇಬ್ಬರು ಹೆಂಗಸರು ಕುಳಿತಿದ್ದಾರೆಂದು ಭಾವಿಸೋಣ. ವಯಸ್ಸು ಒಂದೇ, ಕೂಲಿ ಒಂದೇ, ಕೆಮ್ಮೂ ಒಂದೇ. ಒಬ್ಬಳಿಗೆ ಮನೆಯಲ್ಲಿ ಗಂಡನಿದ್ದಾನೆ, ಇನ್ನೊಬ್ಬಳಿಗಿಲ್ಲ. ಕೆಮ್ಮು ಹದಿನೈದು ದಿನಕ್ಕೆ ಮುಟ್ಟಿದಾಗ ಮೊದಲನೆಯವಳಿಗೆ ದವಾಖಾನೆಗೆ ಹೋಗೆಂದು ಹೇಳುವವರಿದ್ದಾರೆ. ಎರಡನೆಯವಳು ಒಂದು ದಿನದ ಕೂಲಿಯನ್ನು ಬಿಟ್ಟರೆ ಒಲೆ ಹೊತ್ತುವುದಿಲ್ಲ. ಆಕೆಗೆ ಹೊಲದಲ್ಲಿ ಪಾಲಿದ್ದರೂ ಪಹಣಿಯು ಮೈದುನನ ಹೆಸರಿನಲ್ಲಿರಬಹುದು. ಮಗನ ಮನೆಯಲ್ಲಿದ್ದರೂ ಔಷಧಕ್ಕೆ ಬಾಯಿಬಿಟ್ಟು ಕೇಳಲು ಸಂಕೋಚ. ಮೇಲಾಗಿ, ಉಡಿ ತುಂಬುವಾಗ ಆಕೆಯನ್ನು ಕರೆಯುವುದಿಲ್ಲ, ಶುಭಕಾರ್ಯಕ್ಕೆ ಹೊರಟವರು ಆಕೆಯ ಎದುರು ಬರುವುದಿಲ್ಲ. ಜನರು ಕೂಡುವ ಜಾಗಗಳಿಂದಲೇ ಅವಳನ್ನು ದೂರವಿಟ್ಟ ಮೇಲೆ ಅವಳ ಕೆಮ್ಮನ್ನು ಕೇಳುವವರಾರು? ಗಂಡನ ಸಾವು ಒಬ್ಬ ಜೊತೆಗಾರನನ್ನು ಮಾತ್ರ ಕಸಿದುಕೊಂಡಿತು. ಉಳಿದ ಜೊತೆಯನ್ನೆಲ್ಲ ಕಸಿದುಕೊಂಡವರು ನಾವು.

ಇದನ್ನು ಅರಿತ ಹಿರಿಯರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಈ ಸೀಮೆಯ ಹಲವು ಸಮುದಾಯಗಳಲ್ಲಿ ಗಂಡ ಸತ್ತವಳು ಮತ್ತೊಬ್ಬನೊಡನೆ ಸಂಸಾರ ಹೂಡುವ ‘ಉಡಿಕೆ’ಯ ಪದ್ಧತಿಯು ಹಿಂದಿನಿಂದಲೂ ಇದ್ದಿತು, ಮೊದಲ ಲಗ್ನದ ಗೌರವ ಸಂಭ್ರಮಗಳು ಅದಕ್ಕೆ ಇಲ್ಲದಿದ್ದರೂ ಒಂಟಿತನಕ್ಕೆ ಅದೊಂದು ಪರಿಹಾರವಾಗಿದ್ದಿತು. ಆ ಪದ್ಧತಿಯಿಲ್ಲದ ಸಮುದಾಯಗಳಿಗಾಗಿ 1856ರ ಪುನರ್ವಿವಾಹದ ಕಾಯಿದೆಯು ಬಂದಿತು. ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ವಿಧವೆಯೊಬ್ಬರನ್ನು ತಾವೇ ಮದುವೆಯಾಗಿ, 1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮವನ್ನು ತೆರೆದರು. 1899ರಲ್ಲಿ ಗುಲ್ವಾಡಿ ವೆಂಕಟರಾಯರು ‘ಇಂದಿರಾಬಾಯಿ’ ಎಂಬ ಕಾದಂಬರಿಯಲ್ಲಿ ಈ ಪ್ರಶ್ನೆಯನ್ನೇ ಎತ್ತಿದರು. ಆಸ್ತಿಯ ವಿಷಯದಲ್ಲಿ ಮೈಸೂರು ಸಂಸ್ಥಾನವು 1933ರಲ್ಲಿಯೂ, ಬ್ರಿಟಿಷ್ ಭಾರತವು 1937ರಲ್ಲಿಯೂ ಹಿಂದೂ ಸ್ತ್ರೀಯರಿಗೆ ಕೆಲವು ಹಕ್ಕುಗಳನ್ನು ಕೊಟ್ಟುವು. 1956ರ ಉತ್ತರಾಧಿಕಾರದ ಕಾಯಿದೆಯು ಗಂಡನ ಆಸ್ತಿಯಲ್ಲಿ ಹೆಂಡತಿಗೆ ಮಕ್ಕಳೊಡನೆ ಸಮಪಾಲನ್ನು ವಿಧಿಸಿತು. ಕರ್ನಾಟಕ ಸರ್ಕಾರವು 1984ರಲ್ಲಿ ನಿರ್ಗತಿಕ ವಿಧವೆಯರ ಮಾಸಾಶನವನ್ನು ಆರಂಭಿಸಿತು. ಇವೆಲ್ಲವನ್ನೂ ಸಾಮಾನ್ಯವಾಗಿ ಸಮಾಜಸುಧಾರಣೆಯ ಅಧ್ಯಾಯದಲ್ಲಿ ಓದುತ್ತೇವೆ. ವಾಸ್ತವವಾಗಿ ಇವು ಆರೋಗ್ಯದ ಅಧ್ಯಾಯಕ್ಕೂ ಸೇರತಕ್ಕವು.

ಈ ಜಿಲ್ಲೆಯ ರೈತರ ಮನೆಗಳಲ್ಲಿ ಈ ದುಃಖಕ್ಕೆ ಇನ್ನೊಂದು ರೂಪವಿದೆ. ಮಳೆ ಕೈಕೊಟ್ಟು, ಬೆಲೆ ಕುಸಿದು, ಸಾಲ ಬೆಳೆದು ಜೀವವನ್ನೇ ಕಳೆದುಕೊಂಡ ರೈತರು ಇಲ್ಲಿ ಅನೇಕರು. ಅಂಥ ಮನೆಯ ಹೆಂಡತಿಗೆ ಗಂಡನ ಜೊತೆಗೆ ಅವನ ಸಾಲವೂ ಉಳಿಯುತ್ತದೆ, ಬೆರಳು ತೋರಿಸುವ ಜನರೂ ಉಳಿಯುತ್ತಾರೆ. 2015ರಲ್ಲಿ ಸರ್ಕಾರವು ಇಂಥ ಕುಟುಂಬಗಳ ಪರಿಹಾರವನ್ನು ಐದು ಲಕ್ಷ ರೂಪಾಯಿಗೆ ಏರಿಸಿ, ಪತ್ನಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿಗಳ ಮಾಸಾಶನವನ್ನೂ ಗೊತ್ತುಮಾಡಿತು. ಹಣವು ಬೇಕಾದುದೇ. ಆದರೆ ಅದಕ್ಕೂ ಮುಂಚೆ, ಗಂಡನು ಮಾತು ಬಿಟ್ಟು ಮೂಲೆ ಹಿಡಿದಾಗ, ಊಟ ನಿದ್ರೆಗಳನ್ನು ತೊರೆದಾಗ, ಅದನ್ನು ಮೊದಲು ಕಾಣುವವಳು ಹೆಂಡತಿಯೇ. ಆಕೆಯು ಅದನ್ನು ನಾಚಿಕೆಯೆಂದು ಮುಚ್ಚಿಡದೆ ಬಂಧುಗಳಿಗೂ ವೈದ್ಯರಿಗೂ ತಿಳಿಸಬೇಕು. 2022ರಲ್ಲಿ ಆರಂಭವಾದ ಟೆಲಿ-ಮನಸ್ ಎಂಬ ಸರ್ಕಾರದ ಏರ್ಪಾಡಿನಲ್ಲಿ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ತಿಳಿದವರು ಕನ್ನಡದಲ್ಲಿಯೇ ಮಾತನಾಡಿ ದಾರಿ ತೋರಿಸುತ್ತಾರೆ.

ಹೆಂಡತಿ ಸತ್ತ ಮುದುಕರನ್ನೂ ನಾವು ಮರೆಯತಕ್ಕದ್ದಲ್ಲ. ಅವರಿಗೆ ಮನೆಯಿದೆ, ಪಂಕ್ತಿಯಲ್ಲಿ ಮರ್ಯಾದೆಯಿದೆ, ಇಲ್ಲದಿರುವುದು ಮಾತು. ಬಾಳೆಲ್ಲ ಹೆಂಡತಿಯ ಮೂಲಕವೇ ಮಕ್ಕಳೊಡನೆಯೂ ನೆರೆಯವರೊಡನೆಯೂ ಸಂಬಂಧವಿಟ್ಟುಕೊಂಡವನಿಗೆ, ಆಕೆ ಹೋದ ದಿನವೇ ಆ ಸೇತುವೆಯೂ ಮುರಿಯುತ್ತದೆ. ಗುಳಿಗೆಯ ಡಬ್ಬಿ ಎಲ್ಲಿದೆಯೆಂಬುದು ಕೂಡ ಅವನಿಗೆ ತಿಳಿಯದು. ಮೊದಲ ಆರು ತಿಂಗಳು ಅಪಾಯದ ಕಾಲವೆಂದು ಮೇಲೆ ಕಂಡೆವು. ಹದಿಮೂರನೆಯ ದಿನಕ್ಕೆ ಬಂಧುಗಳು ಚದುರಿಹೋಗುವ ನಮ್ಮ ಪದ್ಧತಿಯಲ್ಲಿ ನಿಜವಾದ ಕಾವಲು ಬೇಕಾಗುವುದು ಹದಿನಾಲ್ಕನೆಯ ದಿನದಿಂದಲೇ.

ಹಾಗಾದರೆ ಆರೋಗ್ಯಕ್ಕಾಗಿ ಎಲ್ಲರೂ ಮದುವೆಯಾಗಲೇಬೇಕೆ? ಹಾಗೆ ಹೇಳುವುದು ತಪ್ಪು. 2010ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯಲ್ಲಿ 148 ಸಂಶೋಧನೆಗಳನ್ನು, ಎಂದರೆ ಮೂರು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕವನ್ನು, ಒಟ್ಟುಗೂಡಿಸಿ ನೋಡಿದರು. ಗಟ್ಟಿಯಾದ ಮಾನವ ಸಂಬಂಧಗಳುಳ್ಳವರು ಬದುಕಿ ಉಳಿಯುವ ಸಂಭವವು ಇತರರಿಗಿಂತ ನೂರಕ್ಕೆ 50ರಷ್ಟು ಹೆಚ್ಚೆಂದು ತಿಳಿಯಿತು. ಅಲ್ಲಿ ಲೆಕ್ಕಕ್ಕೆ ಬಂದದ್ದು ಮದುವೆಯೊಂದೇ ಅಲ್ಲ. ಗೆಳೆತನ, ನೆರೆಹೊರೆ, ಸಂಘ, ಬಂಧುಬಳಗ ಎಲ್ಲವೂ. ಕಾಯುವ ಶಕ್ತಿಯಿರುವುದು ತಾಳಿಯಲ್ಲಿ ಅಲ್ಲ. ಒಬ್ಬರ ಕೆಮ್ಮನ್ನು ಇನ್ನೊಬ್ಬರು ಎಣಿಸುವುದರಲ್ಲಿ. ಮದುವೆಯಾಗದವರಿಗೂ, ಮದುವೆ ಮುರಿದವರಿಗೂ, ಸಂಗಾತಿಯನ್ನು ಕಳೆದುಕೊಂಡವರಿಗೂ ಆ ಎಣಿಕೆಯನ್ನು ಸಮಾಜವು ಒದಗಿಸಿಕೊಡಬಹುದು. ಹಳ್ಳಿಹಳ್ಳಿಗಳ ಸ್ವಸಹಾಯ ಸಂಘಗಳು ವಾರಕ್ಕೊಮ್ಮೆ ಹಣವನ್ನು ಎಣಿಸುವಾಗ ಯಾರು ಬಂದಿಲ್ಲ, ಏಕೆ ಬಂದಿಲ್ಲವೆಂದು ಕೇಳಿದರೆ ಅರ್ಧ ವೈದ್ಯವು ಅಲ್ಲಿಯೇ ಆದಂತೆ.

ಇನ್ನು ಜೊತೆಯಾಗಿರುವ ದಂಪತಿಗಳಿಗೆ ಕೆಲವು ಮಾತುಗಳು. ಮನೆ, ಊಟ, ಚಿಂತೆಗಳು ಒಂದೇ ಆದುದರಿಂದ ರೋಗಗಳೂ ಅನೇಕವೇಳೆ ಜೊತೆಯಾಗಿಯೇ ಬರುತ್ತವೆ. 2023ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ, ಭಾರತದ ನಡುವಯಸ್ಸಿನ ಮತ್ತು ಹಿರಿಯ ದಂಪತಿಗಳಲ್ಲಿ ಐದರಲ್ಲಿ ಒಂದು ಜೋಡಿಯಲ್ಲಿ ಇಬ್ಬರಿಗೂ ರಕ್ತದೊತ್ತಡವಿದ್ದಿತು. ಆದುದರಿಂದ ಗಂಡನನ್ನು ಪರೀಕ್ಷೆಗೆ ಕರೆದುಕೊಂಡು ಹೋದ ಹೆಂಡತಿಯು ಬಾಗಿಲ ಹೊರಗೆ ಕುಳಿತುಕೊಳ್ಳದೆ ತಾನೂ ತೋಳು ಚಾಚಲಿ. ಉಪ್ಪನ್ನು ಕಡಿಮೆಮಾಡುವುದಾದರೆ ಒಂದೇ ಪಾತ್ರೆಯಲ್ಲಿ ಇಬ್ಬರಿಗೂ ಕಡಿಮೆಯಾಗಲಿ. ಗಂಡಹೆಂಡಿರು ಒಂದೇ ಹೊತ್ತಿಗೆ ಕುಳಿತು ಉಣ್ಣಲಿ. ರಕ್ತಹೀನತೆಗೆ ಇದು ಖರ್ಚಿಲ್ಲದ ಮದ್ದು. ಹೊಲಮನೆಗಳ ಕಾಗದಪತ್ರಗಳಲ್ಲಿಯೂ ಬ್ಯಾಂಕಿನ ಪುಸ್ತಕದಲ್ಲಿಯೂ ಇಬ್ಬರ ಹೆಸರು ಇರಲಿ. ಗಂಡನು ಅನ್ನ ಸಾರು ಮಾಡುವುದನ್ನು, ಹೆಂಡತಿಯು ಪಹಣಿ ಓದುವುದನ್ನು ಬದುಕಿರುವಾಗಲೇ ಕಲಿತುಕೊಳ್ಳಲಿ. ಇವು ಅಮಂಗಲದ ಯೋಚನೆಗಳಲ್ಲ; ಒಬ್ಬರು ಇಲ್ಲದ ದಿನವೂ ಇನ್ನೊಬ್ಬರನ್ನು ಕಾಯುವ ಪ್ರೀತಿಯ ಕೆಲಸಗಳು.

ಇನ್ನುಮುಂದೆ ಮದುವೆಗೆ ಹೋದಾಗ ನಾವು ಹರಸುವ ಮಾತನ್ನು ಸ್ವಲ್ಪ ಬದಲಿಸಿಕೊಳ್ಳಬಹುದು. ಇಬ್ಬರ ಆಯುಸ್ಸನ್ನೂ ಒಂದೇ ಉಸಿರಿನಲ್ಲಿ ಹರಸೋಣ. ಅಕ್ಕಿಕಾಳು ಹಾಕಲು ಬಂದವರ ಸಾಲಿನಲ್ಲಿ, ಗಂಡನನ್ನು ಕಳೆದುಕೊಂಡ ಅಜ್ಜಿಯನ್ನೋ ಚಿಕ್ಕಮ್ಮನನ್ನೋ ಕೈಹಿಡಿದು ಮುಂದಕ್ಕೆ ಕರೆತಂದು ನಿಲ್ಲಿಸೋಣ. ದೀರ್ಘ ಕಾಲದ ಬಾಳು ಎಂದರೇನೆಂಬುದನ್ನು ಬಲ್ಲ ಆ ಕೈಗಳಿಂದ ಬಿದ್ದ ಕಾಳು ವಧೂವರರಿಗೆ ಒಳ್ಳೆಯದನ್ನೇ ಮಾಡೀತು. ಹಾಗೆ ನಿಂತ ಆಕೆಯ ಆರೋಗ್ಯಕ್ಕೂ ಅದು ಒಳ್ಳೆಯದನ್ನೇ ಮಾಡೀತು.